ಅರೆಬಣ್ಣದ ಕಾರಿಗೆ ಪೂರ್ತಿ ಬೀಳ್ಕೊಡುಗೆ

ಉಪಕಾರ ಮಾಡುವವರ ಮೇಲೆ ದೂರು ಕೊಡಲು ಈ ಪ್ರಪಂಚದಲ್ಲಿ ಒಂದು ಕಚೇರಿಯೂ ಇಲ್ಲ ಎಂಬುದು ನನ್ನ ಬಹುಕಾಲದ ಸಿಟ್ಟು. ಕಳ್ಳನನ್ನು ಹಿಡಿದುಕೊಡಬಹುದು, ಮೋಸಗಾರನನ್ನು ಕೋರ್ಟಿಗೆ ಎಳೆಯಬಹುದು. ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು, ತಟ್ಟೆ ತುಂಬ ತಿಂಡಿ ತಂದುಕೊಟ್ಟು, ನಿಮ್ಮ ಗಂಡನ ಕೆಲಸಕ್ಕೇ ಸಂಚಕಾರ ತರುವವರನ್ನು ಏನು ಮಾಡುತ್ತೀರಿ? ಬಾಗಿಲವರೆಗೆ ಹೋಗಿ “ಮತ್ತೆ ಬನ್ನಿ” ಎಂದು ಕಳಿಸಬೇಕು. ನಾನು ಹಾಗೆಯೇ ಕಳಿಸಿದೆ.

ಇದು ತೊಂಬತ್ತೆಂಟರ ಚಳಿಗಾಲದ ಮಾತು. ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ನಮ್ಮ ಮನೆ. ನಮ್ಮವರು, ಅಂದರೆ ಶ್ಯಾಮಸುಂದರ, ಖುರುಮ್‌ನ ಒಂದು ಕಟ್ಟಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಊರವರ ಮನೆಗಳಿಗೆಲ್ಲ ನಕ್ಷೆ ಬರೆಯುತ್ತಿದ್ದರು, ನಮ್ಮ ಮನೆಯಲ್ಲಿ ಅವರ ಕನ್ನಡಕ ಎಲ್ಲಿದೆ ಎಂದು ಅವರಿಗೆ ಗೊತ್ತಿರುತ್ತಿರಲಿಲ್ಲ. ಆ ವರ್ಷದ ರಾಜ್ಯೋತ್ಸವದಲ್ಲಿ ಕನ್ನಡ ಸಂಘದವರು ಅವರಿಂದ ಭಾಷಣ ಮಾಡಿಸಿದ್ದರು. ವಿಷಯ ‘ವೈಚಾರಿಕತೆ’. “ರಾಹುಕಾಲ ನೋಡಿ ಮನೆ ಬಿಡುವವನಿಗೆ ವಿಮಾನ ಕಾಯುವುದಿಲ್ಲ!” ಎಂದು ಅವರು ಮೇಜು ಕುಟ್ಟಿದಾಗ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಅವರ ಕಿವಿಯಿಂದ ಹಲವು ವಾರ ಇಳಿಯಲಿಲ್ಲ. ಎಲ್ಲ ಅನರ್ಥಕ್ಕೂ ಅದೇ ಬುಡ.

ವೈಚಾರಿಕರಾದವರು ಬಣ್ಣ ಮಾಸಿದ ಇಟ್ಟಿಗೆ ಕೆಂಪಿನ ಕಾರಿನಲ್ಲಿ ಓಡಾಡುವುದು ಸರಿಯಲ್ಲ ಎಂದು ಅವರಿಗೆ ತೋರಿತು. ಅವರ ಕಂಪನಿಯ ಸಾಹೇಬರು, ಸೌದ ಎಂಬವರದು ಬೆಳ್ಳನೆಯ ಕಾರು, ಇವರಿಗೂ ಬಿಳಿಯೇ ಬೇಕು. ಬಣ್ಣ ಬದಲಿಸಲು ಪೊಲೀಸರ ಅನುಮತಿ ಪಡೆದು, ವಿಟ್ಲದ ಕಡೆಯ ಮಮ್ಮದ್ ಎಂಬುವನ ಪೇಂಟ್ ಶೆಡ್ಡಿಗೆ ಕಾರು ಬಿಟ್ಟರು. ಮಮ್ಮದ್ ಹಳೆಯ ಬಣ್ಣ ಕೆರೆದು, ಮೈಗೆಲ್ಲ ಬೂದು ಪ್ರೈಮರ್ ಹೊಡೆದು, ಚಾವಣಿ ಮತ್ತು ಬಾನೆಟ್ಟಿಗೆ ಬಿಳಿ ಬಣ್ಣ ಹಾಕಿ ಮುಗಿಸಿದ್ದ. ಅಷ್ಟರಲ್ಲಿ ನಮ್ಮ ಅತ್ತೆ ತಾಯಮ್ಮನವರು ಗೋಡೆಯ ಪಂಚಾಂಗ ನೋಡಿದರು.

“ಶ್ಯಾಮು, ನಾಳೆಯಿಂದ ಧನುರ್ಮಾಸ ಕಣೋ. ಶೂನ್ಯಮಾಸದಲ್ಲಿ ಗಾಡಿಗೆ ಹೊಸಬಟ್ಟೆ ಉಡಿಸ್ತೀಯಾ?”

“ಬಣ್ಣ ಅಂದ್ರೆ ಬಟ್ಟೆ ಅಲ್ಲಮ್ಮ. ಅದು ರಾಸಾಯನಿಕ.”

“ಆಯ್ತಪ್ಪ. ಓದಿದೋನು ನೀನು. ಹಾಕಿಸು.” ಅತ್ತೆಯವರು ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು. “ನಂಗೆ ಯಾಕೋ ಹಸಿವಿಲ್ಲ.”

ವೈಚಾರಿಕತೆ ಮಧ್ಯಾಹ್ನದ ಊಟವನ್ನೇನೋ ತಾಳಿಕೊಂಡಿತು. ರಾತ್ರಿಯೂ ಅತ್ತೆಗೆ ಹಸಿವಾಗಲಿಲ್ಲ. ಬೆಳಿಗ್ಗೆ ಇವರು ಶೆಡ್ಡಿಗೆ ಹೋಗಿ ಕೆಲಸ ನಿಲ್ಲಿಸಲು ಹೇಳಿದರು.

“ಎಂತ ಸಾರ್ ಇದು! ಅರ್ಧ ತಲೆ ಬೋಳಿಸಿ ಎದ್ದುಹೋದ ಹಾಗೆ!” ಮಮ್ಮದ್ ಕೆಂಡವಾದ. “ನನ್ನ ಶೆಡ್ಡಿಂದ ಇಂಥ ಗಾಡಿ ಹೊರಗೆ ಹೋದ್ರೆ ನಾಳೆ ಜನ ಎಂತ ಹೇಳಿಯಾರು? ಇಲ್ಲಿ ಇಡ್ಲಿಕ್ಕೂ ಜಾಗ ಇಲ್ಲ. ಇನ್ನು ನಾಲ್ಕು ದಿನಕ್ಕೆ ನಮ್ಮ ರಂಜಾನ್ ಉಪವಾಸ ಶುರು. ಯಾಕೆ ನಿಲ್ಲಿಸುವುದು, ಅದನ್ನಾದ್ರೂ ಹೇಳಿ.”

ಧನುರ್ಮಾಸ ಎಂದು ಹೇಳಲು ನಮ್ಮವರಿಗೆ ನಾಲಿಗೆ ಬರಲಿಲ್ಲ. ಮಮ್ಮದ್ ಸಂಘದ ಕಾರ್ಯಕ್ರಮಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದವನು.

“ಕಾರಣ ಸ್ವಲ್ಪ ವೈಯಕ್ತಿಕ,” ಎಂದರು.

ಅದೊಂದು ಮಾತು! ಬಾಯಿಂದ ಬೇರೆ ಏನು ಬಿದ್ದಿದ್ದರೂ ಆಗುತ್ತಿತ್ತು. ಮಮ್ಮದ್‌ನ ಮುಖ ಥಟ್ಟನೆ ಇಳಿಯಿತು. ಸಿಟ್ಟು ಬಿಟ್ಟು, ಮೆಲುದನಿಯಲ್ಲಿ, “ಹಾಗಾದ್ರೆ ಹೆದರ್ಬೇಡಿ ಸಾರ್. ಆದ್ರೆ ಒಂದು ನೆನಪಿಡಿ. ಪ್ರೈಮರ್ ಅಂದ್ರೆ ಬಿಸ್ಕೂಟು ಇದ್ದ ಹಾಗೆ, ನೀರು ಬಿದ್ರೆ ಕುಡೀತದೆ. ಒಳಗೆ ಹೋದ ನೀರು ತಗಡು ತಿಂತದೆ. ಇಬ್ಬನಿ ಬೀಳದ ಹಾಗೆ ನೋಡ್ಕೊಳ್ಳಿ,” ಎಂದು ತಾನೇ ಓಡಿಸಿಕೊಂಡು ಬಂದು ನಮ್ಮ ಕಟ್ಟಡದ ಹಿಂದೆ ನಿಲ್ಲಿಸಿ ಹೋದ. ಪಾಪ, ನಡೆದೇ ವಾಪಸ್ಸು ಹೋದ. ಉಪಕಾರಗಳ ಸರಣಿ ಅಲ್ಲಿಂದ ಶುರುವಾಯಿತು.

ಮಸ್ಕತ್ತೆಂದರೆ ಬರೀ ಬಿಸಿಲು ಎಂದುಕೊಂಡವರು ಅಲ್ಲಿ ಡಿಸೆಂಬರಿನ ಬೆಳಗು ನೋಡಿಲ್ಲ. ಸಮುದ್ರದ ತೇವವೆಲ್ಲ ರಾತ್ರಿ ಇಬ್ಬನಿಯಾಗಿ ಕಾರುಗಳ ಮೇಲೆ ಕೂತು, ಬೆಳಗಾಗುವಷ್ಟರಲ್ಲಿ ತೊಟ್ಟಿಕ್ಕುತ್ತಿತ್ತು. ನಮ್ಮವರು ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಕಾರನ್ನು ಬಿಗಿಯಾಗಿ ಸುತ್ತಿ ಹಗ್ಗ ಬಿಗಿದರು. ಗಾಳಿಯೂ ಆಡಬಾರದು ಎಂದು ಅಂಚಿಗೆ ಟೇಪು ಅಂಟಿಸಿದರು. ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ಕಿನ ಹೊರಗಿಗಿಂತ ಒಳಗೇ ಹೆಚ್ಚು ನೀರು. ಬೂದು ಬಾಗಿಲಿನ ಕೆಳಗೆ ಕಿತ್ತಳೆ ಬಣ್ಣದ ಒಂದು ಚುಕ್ಕೆ.

“ಹೊರಗಿಂದ ಒಂದು ಹನಿಯೂ ಹೋಗಿರೋಕೆ ಸಾಧ್ಯವಿಲ್ಲ!” ಎಂದು ಇವರು ಕಾರಿನ ಮೇಲೆಯೇ ರೇಗಿದರು.

“ಒಣಗದ ಹಪ್ಪಳ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ್ರೆ ಇನ್ನೇನಾಗುತ್ತೆ?” ಎಂದರು ಅತ್ತೆ. ಕಾರು ನಿಲ್ಲಲು ಕಾರಣರಾದವರು ತಾವೇ ಎಂಬ ಸಂಕೋಚ ಅವರಿಗೆ ಒಳಗೇ ಇತ್ತು. ತಮ್ಮ ಪೆಟ್ಟಿಗೆಯಿಂದ ಹಳೆಯ ನೂಲಿನ ಸೀರೆಗಳನ್ನು ತೆಗೆದುಕೊಟ್ಟರು. ನಾನು ಪದರದ ಮೇಲೆ ಪದರ ಇಟ್ಟು ಕೌದಿಯಂತೆ ಹೊಲಿದೆ. ಮೇಲಿನ ಪದರ ಇಬ್ಬನಿ ಕುಡಿಯಬೇಕು, ಕೆಳಗಿನದು ಒಣಗಿರಬೇಕು, ನಡುವೆ ಗಾಳಿ ಆಡಬೇಕು. ಗಾಳಿಗೆ ಹಾರದಂತೆ ಬಂಪರಿಗೆ ಲಾಡಿ ಕಟ್ಟಿದೆವು. ಹಸಿರು ಚೌಕಳಿ ಸೀರೆಯ ಕೆಂಪು ಅಂಚು ಸರಿಯಾಗಿ ಬಾನೆಟ್ಟಿನ ಮೇಲೆ ಬಂದು, ಕಾರು ಬೀಗರ ಮನೆಗೆ ಹೊರಟ ಹೆಂಗಸಿನಂತೆ ಕಾಣುತ್ತಿತ್ತು. ಊರೆಲ್ಲ ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ, ಎರಡು ಬಣ್ಣ ಯಾರ ಕಣ್ಣಿಗೂ ಬೀಳದಂತೆ, ನಾನೂ ಅತ್ತೆಯೂ ಸಂಡಿಗೆ ಒಣಗಿಸುವ ಹಾಗೆ ಹೊದಿಕೆ ಬಿಚ್ಚಿ ಒಣಗಿಸಿ, ಬಿಸಿಲು ಇಳಿಯುವ ಮೊದಲೇ ಮತ್ತೆ ಹೊದಿಸುತ್ತಿದ್ದೆವು. ತುಕ್ಕಿನ ಚುಕ್ಕೆ ಅಲ್ಲಿಗೇ ನಿಂತಿತು.

ಕಾರು ಉಳಿಯಿತು. ಕಾರಿನ ಯಜಮಾನರು ಉಳಿಯುವುದೇ ಕಷ್ಟವಾಯಿತು. ಏಕೆಂದರೆ ಗಲ್ಫಿನಲ್ಲಿ ಹೊದಿಕೆ ಹೊದ್ದು ನಿಂತ ಕಾರಿಗೆ ಒಂದೇ ಅರ್ಥ. ಯಜಮಾನನ ಕೆಲಸ ಮುಗಿದಿದೆ, ವೀಸಾ ಖಲಾಸ್, ಗಂಟುಮೂಟೆ ಕಟ್ಟುತ್ತಿದ್ದಾನೆ. ಜೊತೆಗೆ ಮಮ್ಮದ್ ಯಾರೋ ಒಬ್ಬರ ಬಳಿ, ಅದೂ ಮರುಕದಿಂದಲೇ, “ಬಣ್ಣ ಅರ್ಧಕ್ಕೆ ನಿಲ್ಲಿಸಿದ್ರು. ಎಂತದೋ ವೈಯಕ್ತಿಕ ಅಂತೆ, ಪಾಪ,” ಎಂದಿದ್ದನಂತೆ.

ಯಾರಾದರೂ ಒಬ್ಬರು ಬಂದು ನೇರವಾಗಿ ಕೇಳಬಾರದಿತ್ತೇ? ಕೇಳಲಿಲ್ಲ. ನೊಂದವರನ್ನು ಕೆದಕಬಾರದು ಎಂಬ ದೊಡ್ಡ ಮನಸ್ಸು! ನಮ್ಮ ಮೇಲಿನ ಮನೆಯ ಆಸ್ವಾಲ್ಡ್ ಮಂಗಳೂರಿನವರು, ಇವರ ಕಂಪನಿಯಲ್ಲೇ ಲೆಕ್ಕಪತ್ರ ನೋಡುತ್ತಿದ್ದರು. ಕಾರು ನಿಂತ ಮರುದಿನದಿಂದ ಕೇಳದೆಯೇ ಇವರನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಹೋಗತೊಡಗಿದರು. ದಾರಿಯುದ್ದಕ್ಕೂ ಕ್ರಿಕೆಟ್ ಬಿಟ್ಟು ಬೇರೆ ಮಾತಿಲ್ಲ. ಕ್ರಿಕೆಟ್ಟಿನಲ್ಲಿ ಯಾರಾದರೂ ಔಟಾದರೆ ಆ ಮಾತೂ ಇಲ್ಲ.

ಅವರ ಹೆಂಡತಿ ಇವ್ಲಿನ್ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ತಂದರು. ಪ್ರತಿವರ್ಷ ಒಂದು ತಟ್ಟೆ ಬರುತ್ತಿದ್ದ ಚಕ್ಕುಲಿ, ಗುಳಿಯೋ ಕಿಡಿಯೋ ಎಂಬ ಸಿಹಿತಿಂಡಿ ಆ ವರ್ಷ ಡಬ್ಬಿಗಟ್ಟಲೆ ಬಂತು.

“ಈ ಸಲ ಸ್ವಲ್ಪ ಜಾಸ್ತಿ ಇಟ್ಟಿದ್ದೇನೆ ಸುಶೀಲಕ್ಕ.” ಡಬ್ಬಿಗಳನ್ನು ನನ್ನ ಕೈಗಿಟ್ಟು ಕಣ್ಣೊರೆಸಿಕೊಂಡರು. “ಬರುವ ವರ್ಷ ಯಾರು ಎಲ್ಲಿಯೋ ಎಂತದೋ, ಅಲ್ವಾ?”

ಇವ್ಲಿನ್‌ಗೆ ಏನೋ ದೊಡ್ಡ ಕಾಯಿಲೆ ಎಂದು ನನಗೆ ಖಚಿತವಾಯಿತು. ಕೇಳಿದರೆ ನೊಂದಾರು ಎಂದು ಕೇಳಲಿಲ್ಲ. ಮೆಂತ್ಯದ ಗಂಜಿ, ಮೆಣಸಿನ ಸಾರು ಮಾಡಿ ದಿನಾ ಮೇಲಕ್ಕೆ ಕಳಿಸಿದೆ. ಹೊರಡುವ ಗಡಿಬಿಡಿಯಲ್ಲೂ ತನ್ನನ್ನು ನೆನೆಸಿಕೊಂಡರಲ್ಲ ಎಂದು ಆಕೆ ಅದನ್ನು ಅಳುತ್ತಾ ಕುಡಿದರಂತೆ. ಒಳ್ಳೆಯ ಆರೋಗ್ಯದ ಹೆಂಗಸು, ಗಂಜಿ ಕುಡಿದೂ ಕುಡಿದೂ ಸೊರಗಿದರು. ಸೊರಗಿದ್ದು ನೋಡಿ ನನ್ನ ಅನುಮಾನ ಗಟ್ಟಿಯಾಯಿತು.

ಆಮೇಲೆ ಪಾರ್ಸೆಲುಗಳು. ಗಲ್ಫಿನಲ್ಲಿ ಊರಿಗೆ ಹೊರಟವನು ಮನುಷ್ಯನಲ್ಲ, ಲಾರಿ. ಆಸ್ವಾಲ್ಡ್ ಹುಲಿಯ ಚಿತ್ರದ ದೊಡ್ಡ ಕಂಬಳಿ ತಂದಿಟ್ಟು, “ನನ್ನ ಅಮ್ಮನಿಗೆ. ಅರ್ಜೆಂಟಿಲ್ಲ ಮಾರಾಯ್ರೆ, ಯಾವಾಗ ಹೋಗ್ತೀರೋ ಆವಾಗ,” ಎಂದರು. ಇನ್ಯಾರೋ ಬಜಪೆಯ ತಂಗಿಗೆ ಹಾಲಿನ ಪುಡಿ, ಮತ್ಯಾರೋ ಮೂಲ್ಕಿಯ ಮಾವನಿಗೆ ಟಾರ್ಚು.

“ನಾವು ಮೈಸೂರಿನವರಲ್ವೇನ್ರೀ?” ಎಂದು ನಮ್ಮವರು ಅಂಜುತ್ತಾ ಕೇಳಿದರು.

“ಮಂಗಳೂರಿನ ಮೇಲೆಯೇ ಹೋದ್ರಾಯ್ತು. ಅದೇ ಹತ್ತಿರ,” ಎಂದರು ಇವ್ಲಿನ್. ಭೂಗೋಳವನ್ನೇ ಬದಲಾಯಿಸುವಷ್ಟು ವಿಶ್ವಾಸ!

ನಮ್ಮವರಿಗೆ ಬಾಯಿಬಿಟ್ಟು ‘ಆಗುವುದಿಲ್ಲ’ ಎಂದು ಹೇಳಿ ಅಭ್ಯಾಸವಿಲ್ಲ. ಎಲ್ಲವನ್ನೂ ತೆಗೆದುಕೊಂಡು ಮಂಚದ ಕೆಳಗೆ ತಳ್ಳಿದರು. ಸಂಘದ ಕಾರ್ಯದರ್ಶಿ ಸ್ವರ್ಣಲತಾ ಒಂದು ದಿನ ಬಂದು, ಮಾತಾಡುತ್ತಾ ಮಾತಾಡುತ್ತಾ ಗೇಣಿನಿಂದ ನಮ್ಮ ಸೋಫಾ ಅಳೆದರು. “ಸುಮ್ನೆ ನೋಡ್ತಿದೀನಿ ಕಣ್ರೀ. ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ! ಬೇರೆ ಯಾರಿಗೂ ಮಾತು ಕೊಟ್ಟಿಲ್ಲ ತಾನೆ?” ಸೋಫಾದ ವಿಷಯದಲ್ಲಿ ಯಾರಿಗೆ ಏನು ಮಾತು ಕೊಡಬೇಕು ಎಂದು ನನಗೆ ತಿಳಿಯದೆ, ಇಲ್ಲ ಎಂದು ತಲೆಯಾಡಿಸಿದೆ. ಆಕೆಗೆ ಬಹಳ ಸಂತೋಷವಾಯಿತು.

ಹೊಸವರ್ಷದ ಮೊದಲ ಶುಕ್ರವಾರ ಸಂಘದ ಕೂಟ. ಊರೆಲ್ಲ ಉಪವಾಸ ಬಿಟ್ಟ ಮೇಲೆ, ಸಂಜೆ. ನಡುವೆ ಇದ್ದಕ್ಕಿದ್ದಂತೆ ನಮ್ಮವರನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಗೋಡೆ ಗಡಿಯಾರ ಕೊಟ್ಟರು. ವೈಚಾರಿಕತೆಯ ಭಾಷಣ ಇಷ್ಟು ತಡವಾಗಿಯಾದರೂ ಜನರ ಎದೆಗೆ ತಟ್ಟಿತಲ್ಲ ಎಂದು ಇವರು ಹಿಗ್ಗಿಹೋದರು. ಮೈಕು ಹಿಡಿದು ಹೇಳಿದ್ದೇನು ಗೊತ್ತೇ?

“ನನ್ನ ಕೈಲಾದದ್ದನ್ನು ನಾನು ಮಾಡಿದ್ದೇನೆ. ಇನ್ನು ಮುಂದಿನದು ನಿಮ್ಮ ಕೈಯಲ್ಲಿದೆ. ವ್ಯಕ್ತಿ ಮುಖ್ಯವಲ್ಲ, ಇವತ್ತು ಇರ್ತಾನೆ, ನಾಳೆ ಇರಲ್ಲ!”

ಹೆಂಗಸರ ಕಡೆ ಬಿಕ್ಕಿದ್ದು ಕೇಳಿಸಿತು. ಇವ್ಲಿನ್ ನನ್ನ ಕೈ ಹಿಡಿದುಕೊಂಡರು. ಪಾಪ, ಕಾಯಿಲೆಯವರು, ತಮ್ಮದೇ ನೆನಪಾಗಿರಬೇಕೆಂದು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ.

ವಾಪಸ್ಸು ಬರುವಾಗ ಕಾರಿನಲ್ಲಿ ಆಸ್ವಾಲ್ಡ್ ಕ್ರಿಕೆಟ್ ಬಿಟ್ಟರು.

“ಎಷ್ಟು ಧೈರ್ಯದಿಂದ ಮಾತಾಡಿದ್ರಿ ಶ್ಯಾಮಣ್ಣ! ನಾನಾಗಿದ್ರೆ ಅತ್ತುಬಿಡ್ತಿದ್ದೆ. ಸಾಹೇಬ್ರು ಎಂತ ಹೇಳಿದ್ರು?”

“ಯಾವುದರ ಬಗ್ಗೆ?”

“ಅದೇ…” ಆಸ್ವಾಲ್ಡ್ ಒಮ್ಮೆ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದರು. “ಇನ್ನೂ ಹೇಳ್ಲಿಲ್ವಾ ನಿಮಗೆ? ಅಯ್ಯೋ ದೇವರೇ.” ಆಮೇಲೆ ಮನೆ ಬರುವವರೆಗೆ ಮತ್ತೆ ಕ್ರಿಕೆಟ್.

ಮನೆಗೆ ಬಂದವರೇ ಇವರು ಪೇಟ ತಲೆಯ ಮೇಲಿರುವಂತೆಯೇ ಸೋಫಾದಲ್ಲಿ ಕೂತು ಯೋಚಿಸಿದರು. ಶಾಲು. ಗಡಿಯಾರ. ಕಂಬಳಿ. ಗೇಣು ಹಾಕಿದ ಸೋಫಾ. ನಿಧಾನವಾಗಿ ಎದ್ದು ನಿಂತರು.

“ಸುಶೀಲಾ, ನನ್ನನ್ನ ಕೆಲಸದಿಂದ ತೆಗೆದುಹಾಕಿದಾರೆ.”

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ! ಅದೇ ಅನ್ಯಾಯ! ಇಡೀ ಮಸ್ಕತ್ತಿಗೆ ಗೊತ್ತು, ನನಗೆ ಗೊತ್ತಿಲ್ಲ!”

ಕೆಲಸ ಹೋದರೆ ವೀಸಾ ಇಲ್ಲ, ಮನೆ ಇಲ್ಲ. ಮೈಸೂರಿನಲ್ಲಿ ಐವತ್ತು ದಾಟಿದ ಡ್ರಾಫ್ಟ್ಸ್‌ಮನ್ನಿಗೆ ಯಾರು ಕೆಲಸ ಇಟ್ಟುಕೊಂಡು ಕಾದಿದ್ದಾರೆ? ಮುಂದೆ ಊಟ ಎಲ್ಲಿಂದ? ನಾವಿಬ್ಬರೂ ಅಷ್ಟು ಗಾಬರಿಯಲ್ಲಿದ್ದರೆ ಅತ್ತೆಯವರು ಮಾತ್ರ, “ತೆಗೆದ್ರೆ ಹೇಳಿ ತೆಗೀಬೇಕು. ಹೋಗಿ ಕೇಳು. ಕೇಳೋಕೆ ಧನುರ್ಮಾಸ ಅಡ್ಡಿಯಿಲ್ಲ,” ಎಂದರು.

ಮರುದಿನ ಆಫೀಸಿನಲ್ಲಿ ನಡೆದದ್ದನ್ನು ನಾನು ಆಸ್ವಾಲ್ಡರ ಬಾಯಿಂದ ಕೇಳಿದ್ದು. ನಮ್ಮವರು ಹೇಳಿದ ಪಾಠದಲ್ಲಿ ಅವರೇ ಗೆದ್ದಿದ್ದರು.

ಬಾಗಿಲು ತಟ್ಟದೆ ಒಳಗೆ ನುಗ್ಗಿದರಂತೆ. ಸೌದ ಸಾಹೇಬರು ಮುಖ ಬಿಗಿದುಕೊಂಡು ಕೂತಿದ್ದರು. ಒಮಾನಿನವರಾದರೂ ಸೊಗಸಾಗಿ ಹಿಂದಿ ಮಾತಾಡುವವರು. ಇಬ್ಬರೂ ಒಂದೇ ಉಸಿರಿನಲ್ಲಿ ಶುರು ಮಾಡಿದರು.

“ಇಷ್ಟು ವರ್ಷ ದುಡಿದವನಿಗೆ ಒಂದು ಮಾತೂ ಹೇಳದೆ ಕಳಿಸ್ತೀರಾ?”

“ಇಷ್ಟು ವರ್ಷ ಅನ್ನ ತಿಂದು ಒಂದು ಮಾತೂ ಹೇಳದೆ ಹೋಗ್ತೀಯಾ?”

“ನಾನೆಲ್ಲಿ ಹೋಗ್ತೀನಿ ಅಂದೆ?”

“ನಾನೆಲ್ಲಿ ಕಳಿಸ್ತೀನಿ ಅಂದೆ?” ಸಾಹೇಬರು ಮೇಜಿಗೆ ಗುದ್ದಿದರು. “ಶ್ಯಾಮ್, ನನಗೆ ಉಪವಾಸ! ನನಗೆ ಕೋಪ ಬರಬಾರದು! ನಾನು ಕೋಪ ಮಾಡ್ತಾ ಇಲ್ಲ!” ಎಂದು ಕಿರುಚಿದರು. ಗಾಜಿನ ಆಚೆ ನಿಂತಿದ್ದ ಆಸ್ವಾಲ್ಡ್ ಶಿಲುಬೆಯ ಗುರುತು ಹಾಕಿಕೊಂಡರಂತೆ. ಹಾಕಿಕೊಳ್ಳಲೇಬೇಕು. ಸಾಹೇಬರಿಗೆ ಮೆತ್ತಗೆ ಸುದ್ದಿ ಮುಟ್ಟಿಸಿ, “ಶ್ಯಾಮಣ್ಣ ಕೆಲಸ ಬಿಟ್ಟು ಊರಿಗೆ ಹೊರಟಿದ್ದಾರೆ, ಅವರಾಗಿ ಹೇಳಲು ನಾಚಿಕೆ, ನೀವೇ ಸುಲಭ ಮಾಡಿಕೊಡಿ” ಎಂದು ಶಿಫಾರಸು ಮಾಡಿದ್ದವರು ಅವರೇ. ಸಾಹೇಬರೂ ನೊಂದುಕೊಂಡೇ ಬೊಂಬಾಯಿಗೆ ಟಿಕೇಟು ತರಿಸಿ ಮೇಜಿನ ಖಾನೆಯಲ್ಲಿ ಇಟ್ಟಿದ್ದರು. ಬೇರೊಬ್ಬ ಡ್ರಾಫ್ಟ್ಸ್‌ಮನ್ನನ್ನು ಹುಡುಕಲೂ ಹೇಳಿದ್ದರು. ಇನ್ನೊಂದು ವಾರ ಹೀಗೇ ಎಲ್ಲರೂ ಮರುಕಪಟ್ಟಿದ್ದರೆ ನಮ್ಮ ಕಥೆ ಮುಗಿಯುತ್ತಿತ್ತು.

“ಹೋಗೋದಿಲ್ಲ ಅಂದರೆ ಗಾಡಿಯನ್ನು ಯಾಕೆ ಹೂತಿಟ್ಟಿದ್ದೀಯ?” ಎಂದರು ಸಾಹೇಬರು.

ನಮ್ಮವರು ಬಾಗಿಲ ಕಡೆ ನೋಡಿದರು. ಗಾಜಿನಾಚೆ ಈಗ ಆಫೀಸಿಗೆ ಆಫೀಸೇ ನಿಂತಿತ್ತು. ಅವರಲ್ಲಿ ಸಂಘದವರೂ ಇದ್ದರು. ವೈಚಾರಿಕತೆ ಒಂದು ಕಡೆ, ಅನ್ನ ಒಂದು ಕಡೆ.

“ನಮ್ಮಮ್ಮ… ಈ ತಿಂಗಳು ಒಳ್ಳೇದಲ್ಲ, ಬಣ್ಣ ಹಾಕಿಸಬೇಡ ಅಂದ್ರು,” ಎಂದರು, ಎಲ್ಲರಿಗೂ ಕೇಳುವಂತೆ.

ಸಾಹೇಬರು ಕುರ್ಚಿಯನ್ನು ಇವರ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, “ನನ್ನ ತಾಯಿ ಬುಧವಾರ ಹೊಸ ಗಾಡಿ ಮನೆಗೆ ತರಲು ಬಿಡುವುದಿಲ್ಲ. ಹೋದ ವರ್ಷ ಶೋರೂಮಿನ ಮುಂದೆಯೇ ನಿಲ್ಲಿಸಿ ಬಂದಿದ್ದೆ. ಯಾರಿಗೂ ಹೇಳಬೇಡ,” ಎಂದರು. ನಮ್ಮವರು ನನಗೊಬ್ಬಳಿಗೇ ಹೇಳಿದ ಆ ಒಂದು ಮಾತಿಗಾಗಿ ನಾನು ಆ ಮನುಷ್ಯನಿಗೆ ಎಲ್ಲವನ್ನೂ ಕ್ಷಮಿಸಿದ್ದೇನೆ.

ಕೆಲಸ ಉಳಿಯಿತು. ಸರಿ, ಎಲ್ಲರಿಗೂ ಸಂತೋಷವಾಗಬೇಕಲ್ಲವೇ? ಆಗಲಿಲ್ಲ! ಇವರು ಹೋಗುವುದಿಲ್ಲ ಎಂಬ ಸುದ್ದಿ ಹಬ್ಬಿದ್ದೇ ತಡ, ಇಡೀ ಕಟ್ಟಡದ ಮುಖ ದಪ್ಪಗಾಯಿತು.

“ನಾನು ಎಷ್ಟು ಅತ್ತಿದ್ದೇನೆ ಗೊತ್ತುಂಟಾ?” ಇವ್ಲಿನ್ ಸೊಂಟಕ್ಕೆ ಕೈಯಿಟ್ಟು ನಿಂತರು. “ಚರ್ಚಿನಲ್ಲಿ ನಿಮ್ಮ ಹೆಸರಲ್ಲಿ ಪೂಜೆ ಕೊಡಿಸಿದ್ದೇನೆ! ಆ ಗಂಜಿ ಬೇರೆ! ದಿನಾ ಗಂಜಿ!”

“ನಿಮಗೆ ಕಾಯಿಲೆ ಅಂತ ಕೊಟ್ಟದ್ದು!”

“ನನಗೆ ಎಂತ ಕಾಯಿಲೆ?”

ಸ್ವರ್ಣಲತಾ ತಮ್ಮ ಹಳೆಯ ಸೋಫಾ ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದರು. “ಈಗ ನಾವು ನೆಲದ ಮೇಲೆ ಕೂರ್ಬೇಕೇನ್ರೀ? ಹೋಗಲ್ಲ ಅನ್ನೋರು ಶಾಲು ಯಾಕೆ ಹೊದ್ಕೊಂಡ್ರಿ?” ಎಂದು ಫೋನಿನಲ್ಲೇ ಹರಿಹಾಯ್ದರು. ಪಾರ್ಸೆಲು ವಾಪಸ್ಸು ಕೊಡಲು ಹೋದರೆ ಒಬ್ಬರೂ ಮುಟ್ಟಲಿಲ್ಲ. ಊರಿನಲ್ಲಿ ಎಲ್ಲರ ತಾಯಂದಿರಿಗೂ ತಂಗಿಯರಿಗೂ ಫೋನು ಹೋಗಿತ್ತು, ‘ಸಾಮಾನು ಬರುತ್ತಿದೆ’ ಎಂದು. ಒಮ್ಮೆ ಬೀಳ್ಕೊಟ್ಟ ಮೇಲೆ ಹೋಗದೆ ಇರುವವನನ್ನು ಸಮಾಜ ಸಹಿಸುವುದಿಲ್ಲ ಎಂಬುದು ಅಂದು ನನಗೆ ಮನದಟ್ಟಾಯಿತು.

ಸೌದ ಸಾಹೇಬರೇ ದಾರಿ ತೋರಿದರು. “ಟಿಕೇಟು ಬಂದಾಗಿದೆ. ವಾಪಸ್ಸು ಟಿಕೇಟೂ ಕೊಡ್ತೇನೆ. ಯಲ್ಲಾ, ಹೊರಡು ಹೊರಡು, ರಜೆ ಹಾಕಿ ಹೋಗಿ ಬಾ.” ಹೀಗೆ ನಮ್ಮವರು, ಯಾವತ್ತೂ ಮಂಗಳೂರು ನೋಡದ ಮೈಸೂರಿನವರು, ಹುಲಿಯ ಕಂಬಳಿ, ಹಾಲಿನ ಪುಡಿ, ಟಾರ್ಚುಗಳನ್ನು ಹೊತ್ತು ಬೊಂಬಾಯಿಗೆ ಹಾರಿ, ಅಲ್ಲಿಂದ ಬಸ್ಸು ಹಿಡಿದರು.

ಇತ್ತ ಸಂಕ್ರಾಂತಿ ಕಳೆಯಿತು. ಆಗಲೂ ಸುಮ್ಮನೆ ಕೂರದೆ ನಾನೂ ಅತ್ತೆಯೂ ಹೊದಿಕೆ ಒಣಗಿಸುವುದನ್ನು ಬಿಟ್ಟಿರಲಿಲ್ಲ. ಒಂದು ದಿನ ಮಳೆ ಬರುವ ಹಾಗಾದಾಗ, ನನ್ನೊಡನೆ ಮಾತು ಬಿಟ್ಟಿದ್ದ ಇವ್ಲಿನ್ ಮೇಲಿನಿಂದ ಓಡಿಬಂದು, ಮಾತಿಲ್ಲದೆಯೇ ತಮ್ಮ ಬಾಗಿಲ ಪರದೆಗಳನ್ನು ಕಾರಿನ ಮೇಲೆ ಹೊದಿಸಿ, ಮಾತಿಲ್ಲದೆಯೇ ಹೋದರು. ರಂಜಾನ್ ಉಪವಾಸ ಮುಗಿದ ಮೇಲೆ ಮಮ್ಮದ್ ಬಂದು ಪ್ರೈಮರಿನ ಮೇಲೆ ಬೆರಳು ಆಡಿಸಿ ನೋಡಿದ. ಆ ಹಳೆಯ ಚುಕ್ಕೆಯೊಂದನ್ನು ಉಜ್ಜಿದರೆ ಸಾಕು ಎಂದ. ಕಾರು ಪೂರ್ತಿ ಬಿಳಿಯಾಗಿ, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಾ ಬಂದು ನಿಂತಿತು.

ಈ ಸಂತೋಷವನ್ನು ನಮ್ಮವರಿಗೆ ತಿಳಿಸಬೇಡವೇ? ಅವರು ಮೈಸೂರಿಗೆ ಇನ್ನೂ ತಲುಪಿರಲಿಲ್ಲ. ನಾದಿನಿಯ ಮನೆಗೆ ಫೋನು ಮಾಡಿದರೆ, “ಇಲ್ಲಿಗೆ ಬಂದೇ ಇಲ್ಲವಲ್ಲ ಅತ್ತಿಗೆ!” ಎಂದರು. ಕೂಡಲೇ ಆಸ್ವಾಲ್ಡರ ತಾಯಿ ಎಲಿಜಬೆತ್ ಬಾಯಿಯವರ, ಮಂಗಳೂರು ಕುಲಶೇಖರದ ಮನೆಗೆ ಫೋನು ಮಾಡಿದೆ.

“ಶ್ಯಾಮಸುಂದರ ಅವರಾ? ಇಲ್ಲೇ ಇದ್ದಾರೆ,” ಎಂದಿತು ಮುಪ್ಪಿನ ಮೃದುವಾದ ದನಿ. “ಆದ್ರೆ ಈಗ ಇಲ್ಲ ಮಗಾ, ಡ್ಯೂಟಿಗೆ ಹೋಗಿದ್ದಾರೆ.”

“ಡ್ಯೂಟಿಗಾ? ಯಾವ ಡ್ಯೂಟಿ?”

“ಹೊಳೆಬದಿಯ ಹೆಂಚಿನ ಕಾರ್ಖಾನೆ ಉಂಟಲ್ಲ, ನನ್ನ ತಮ್ಮನ ಮಗ ಅಲ್ಲಿ ಮ್ಯಾನೇಜರು. ನಮ್ಮ ಆಸ್ವಾಲ್ಡ್ ಮೊದಲೇ ಫೋನಲ್ಲಿ ಹೇಳಿದ್ದ, ಪಾಪ, ಅವರ ಕೆಲಸ ಹೋಯ್ತು ಅಂತ. ನಾನು ಅವರು ಬರುವ ಮೊದಲೇ ಮಾತಾಡಿ ಇಟ್ಟಿದ್ದೆ. ಬಂದ ದಿನ ಅವರು ಎಂತದೋ ಹೇಳ್ಲಿಕ್ಕೆ ನೋಡಿದ್ರು. ನಾನು ಹೇಳಿದೆ, ನಾಚಿಕೆ ಎಂತಕ್ಕೆ, ಮೊದಲು ಊಟ ಮಾಡಿ, ನಾಳೆಯಿಂದ ಹೋಗಿ ಅಂತ. ಮುದುಕಿಯ ಮಾತು ತೆಗೆದುಹಾಕ್ಲಿಲ್ಲ. ಒಳ್ಳೆ ಮನುಷ್ಯ. ದಿನಾ ಬುತ್ತಿ ಕಟ್ಟಿ ಕಳಿಸ್ತೇನೆ.”

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ನೀವೂ ಅತ್ತೆಯವರೂ ಯಾವಾಗ ಬರುವುದು ಮಗಾ?” ಎಂದರು ಎಲಿಜಬೆತ್ ಬಾಯಿ. “ನಮ್ಮ ಪಕ್ಕದಲ್ಲೇ ಒಂದು ಬಾಡಿಗೆ ಮನೆ ಖಾಲಿ ಉಂಟು. ಗುಡಿಸಿ ಇಟ್ಟಿದ್ದೇನೆ.”